ಸೊನ್ನೆಯಾಗಿಬಿಡುವ ದೂರ

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರುವ ಕಡೆ ನೀರನ್ನು ನೋಡಿ. ಈಗ ಇಲ್ಲಿದ್ದ ಹನಿ ಮರುಗಳಿಗೆಗೆ ಇನ್ನೆಲ್ಲೋ. ಇಡೀ ನೀರನ್ನು ಎಲ್ಲೂ ತುಂಡಾಗದಂತೆ, ಮಡಿಕೆ ಬೀಳದಂತೆ, ಕುಗ್ಗದಂತೆ, ಹಿಗ್ಗದಂತೆ ಅದಲುಬದಲು ಮಾಡುವ ಒಂದೊಂದು ಬಗೆಯನ್ನೂ ಒಂದೊಂದು ಬಿಂದು ಅಂತ ಇಟ್ಟುಕೊಳ್ಳೋಣ. ಅಂಥ ಬಿಂದುಗಳೆಲ್ಲ ಸೇರಿದರೆ ಅನಂತ ಆಯಾಮದ ಒಂದು ಗ್ರೂಪ್, ಅಂದರೆ ಒಂದಾದ ಮೇಲೊಂದು ಮಾಡಬಹುದಾದ, ಹಿಂದಕ್ಕೂ ತಿರುಗಿಸಬಹುದಾದ ಬದಲಾವಣೆಗಳ ಕೂಟ. 1966ರಲ್ಲಿ ರಷ್ಯಾದ ಗಣಿತಜ್ಞ ವ್ಲಾಡಿಮಿರ್ ಆರ್ನಾಲ್ಡ್ ಒಂದು ಸೊಗಸಾದ ಮಾತು ತೋರಿಸಿಕೊಟ್ಟರು: ಒಳತಿಕ್ಕಾಟವಿಲ್ಲದ, ಒತ್ತಿದರೂ ಕುಗ್ಗದ ದ್ರವದ ಹರಿವು ಈ ಗ್ರೂಪಿನೊಳಗೆ ಜಿಯೋಡೆಸಿಕ್, ಅಂದರೆ ಅತ್ತಿತ್ತ ವಾಲದೆ ನೆಟ್ಟಗೆ ಸಾಗುವ ದಾರಿ.

ಇಲ್ಲಿ ದೂರ ಅಳೆಯುವುದು ಚಲನೆಯ ಖರ್ಚಿನಿಂದ. ಮೂರು ಆಯಾಮದ ಪೆಟ್ಟಿಗೆಯಲ್ಲಿ ನೀರನ್ನು ಹೇಗೇ ಕದಡಿ, ಆ ದೂರಕ್ಕೊಂದು ಮೇಲ್ಮಿತಿ ಉಂಟು ಎಂದು 1985ರಲ್ಲಿ ಗಣಿತಜ್ಞ ಶ್ನಿರೆಲ್ಮನ್ ಸಾಧಿಸಿದರು. ಎರಡೇ ಆಯಾಮವಾದರೆ ಮಿತಿಯೇ ಇಲ್ಲ.

ಈಗ ಕುಗ್ಗಬಾರದೆಂಬ ಕಟ್ಟುಪಾಡನ್ನು ತೆಗೆದುಹಾಕಿ. ಯಾವ ಎರಡು ಬಿಂದುಗಳ ನಡುವೆಯೂ ದೂರ ಸೊನ್ನೆ! 2005ರಲ್ಲಿ ಗಣಿತಜ್ಞರಾದ ಪೀಟರ್ ಮೈಕರ್, ಡೇವಿಡ್ ಮಮ್‌ಫರ್ಡ್ ಇದನ್ನು ಪ್ರಕಟಿಸಿದರು. ಮೊದಲು ಕೇಳಿದಾಗ ಯಾರಾದರೂ ಲೆಕ್ಕ ತಪ್ಪಿರಬೇಕು ಅಂದುಕೊಳ್ಳುತ್ತಾರೆ.

ಗುಟ್ಟು ಇರುವುದು ಖರ್ಚು ಹಾಕುವ ರೀತಿಯಲ್ಲಿ. ಮಾರಿ ಜಾತ್ರೆಯ ದಿನ ಶಿವಮೊಗ್ಗದ ಗಾಂಧಿ ಬಜಾರಿನ ನೂಕುನುಗ್ಗಲು ನೆನೆಸಿಕೊಳ್ಳಿ. ಬೀದಿಯ ತುಂಬ ಇರುವ ಜನ ಹತ್ತು ಮಾರು ಮುಂದೆ ಸರಿಯಬೇಕು. ಸುಂಕ ತಲೆಗಿಷ್ಟು ಅಂತಲ್ಲ, ವೇಗ ಎಷ್ಟು, ಚಲಿಸುತ್ತಿರುವ ಜಾಗ ಎಷ್ಟುದ್ದ ಅನ್ನುವುದರ ಮೇಲೆ. ಹಾಗಾದರೆ ಉಪಾಯ ಸುಲಭ: ಬೀದಿಯ ಹಿಂತುದಿಯ ಜನರನ್ನು ಒಂದು ತೆಳ್ಳನೆಯ ಪಟ್ಟಿಗೆ ಒತ್ತಿ, ಆ ಪಟ್ಟಿ ಎದುರಿಗೆ ಸಿಕ್ಕವರನ್ನು ಒಳಗೆಳೆದುಕೊಳ್ಳುತ್ತ, ಹತ್ತು ಮಾರು ಸಾಗಿದವರನ್ನು ಹಿಂದೆ ಬಿಡುತ್ತ ಹೋಗಲಿ. ಯಾವ ಗಳಿಗೆಯಲ್ಲಿ ನೋಡಿದರೂ ಚಲಿಸುತ್ತಿರುವುದು ಅಷ್ಟಗಲ ಜಾಗ ಮಾತ್ರ. ವೇಗ ಅಷ್ಟೇ ಇದ್ದು ಪಟ್ಟಿಯ ಅಗಲ ನೂರನೇ ಒಂದು ಪಾಲಿಗಿಳಿದರೆ ಸುಂಕವೂ ಅಷ್ಟೇ ಇಳಿಯುತ್ತದೆ; ದಾರಿಯ ಉದ್ದ ಲೆಕ್ಕ ಹಾಕುವುದು ಆ ಸುಂಕದ ವರ್ಗಮೂಲದಿಂದ, ಹಾಗಾಗಿ ಅದು ಹತ್ತನೇ ಒಂದು ಪಾಲಾಗುತ್ತದೆ. ಇನ್ನೂ ತೆಳುವಾದರೆ ಇನ್ನೂ ಅಗ್ಗ. ಕೊನೆಗೊಂದು ತಳ ಅಂತ ಇಲ್ಲವೇ ಇಲ್ಲ. ಹಾಗಂತ ಸೊನ್ನೆ ಖರ್ಚಿನ ದಾರಿ ಒಂದೂ ಇಲ್ಲ; ಸೊನ್ನೆಯ ಹತ್ತಿರ ಹತ್ತಿರ ಹೋಗುವ ದಾರಿಗಳಷ್ಟೇ ಇರುವುದು.

ನೀರಿನಲ್ಲಿ ಈ ಆಟ ನಡೆಯದು, ಅದನ್ನು ಪಟ್ಟಿಯಾಗಿ ಒತ್ತಲಾಗದಲ್ಲ!

ಮದ್ದೂ ಗೊತ್ತಿದೆ. ವೇಗಕ್ಕಷ್ಟೇ ಅಲ್ಲ, ಅಕ್ಕಪಕ್ಕದವರ ವೇಗದ ವ್ಯತ್ಯಾಸಕ್ಕೂ ಸುಂಕ ಹಾಕಿ. ಆಗ ಇಕ್ಕಟ್ಟಾದಷ್ಟೂ ದುಬಾರಿ, ದೂರ ಮತ್ತೆ ದೂರವಾಗಿ ಉಳಿಯುತ್ತದೆ. ಇದು ಬರೀ ಗಣಿತದವರ ಚಪಲ ಅಂದುಕೊಳ್ಳಬೇಡಿ. ಇಬ್ಬರ ಮೆದುಳಿನ ಎಂಆರ್‌ಐ ಚಿತ್ರಗಳನ್ನು ಹೋಲಿಸುವ ಸಂಶೋಧಕರು ಒಂದನ್ನು ನಯವಾಗಿ ಎಳೆದು, ಬಾಗಿಸಿ ಇನ್ನೊಂದಕ್ಕೆ ಹೊಂದಿಸುತ್ತಾರೆ. ಅದಕ್ಕೆ ತಗಲಿದ ಖರ್ಚೇ ಅವರಿಗೆ ವ್ಯತ್ಯಾಸದ ಅಳತೆ. ಹಳೆಯ ಸುಂಕವನ್ನೇ ಇಟ್ಟುಕೊಂಡಿದ್ದರೆ ಆರೋಗ್ಯವಂತರ ಮೆದುಳಿಗೂ ರೋಗಿಯ ಮೆದುಳಿಗೂ ಅಂತರವೇ ಸಿಗುತ್ತಿರಲಿಲ್ಲ.