ತೋಟಕ್ಕೆ ಹೊಡೆದ ಕಳೆನಾಶಕ ನಲ್ಲಿಗೆ ಬರುತ್ತದೆಯೇ?

[ಪರದೆಯ ಮೇಲೆ: ನೀರಿನ ಪರೀಕ್ಷಾ ವರದಿಯ ಒಂದು ಪುಟ]

ಕೊಡಗಿನ ನಾಪೋಕ್ಲು ಕಡೆಯ ವೀಕ್ಷಕರೊಬ್ಬರು ತಮ್ಮ ಊರಿನ ಕುಡಿಯುವ ನೀರಿನ ಪರೀಕ್ಷಾ ವರದಿಯ ಚಿತ್ರವನ್ನು ಕಳುಹಿಸಿ, ಅದರ ಜೊತೆಗೆ ಹೀಗೆ ಬರೆದಿದ್ದರು: "ನಮಗೆ ನೀರು ಬರುವ ಕೊಲ್ಲಿಯ (ಬೆಟ್ಟದ ತೊರೆಯ) ಮೇಲ್ಗಡೆಯ ತೋಟದಲ್ಲಿ ವರ್ಷಕ್ಕೆ ಎರಡು ಸಲ ಕಳೆಗೆ ಔಷಧಿ ಹೊಡೆಸುತ್ತಾರೆ. ವರದಿಯಲ್ಲಿ ಎಲ್ಲವೂ ಸರಿ ಇದೆ ಎಂದಿದೆ. ನಂಬಬಹುದೇ?"

ವರದಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಪಿಎಚ್, ಗಡಸುತನ, ಕ್ಲೋರೈಡ್, ನೈಟ್ರೇಟ್, ಕಬ್ಬಿಣ, ಕೋಲಿಫಾರ್ಮ್, ಎಲ್ಲವೂ ಮಿತಿಯೊಳಗೇ ಇದ್ದವು. ಆದರೆ ಒಂದೇ ಒಂದು ಕಳೆನಾಶಕದ ಹೆಸರೂ ಅದರಲ್ಲಿರಲಿಲ್ಲ. ಅಂದರೆ ಹುಡುಕಿ ಸಿಗದಿದ್ದದ್ದಲ್ಲ, ಹುಡುಕಿಯೇ ಇಲ್ಲ.

ಮೂಲ ವಿಷಯಗಳನ್ನು ಬೇಗ ಮುಗಿಸೋಣ. ಕಾಫಿ ತೋಟದಲ್ಲಿ ಆಳುಗಳು ಸಿಗದ ಕಾರಣಕ್ಕೆ ಕತ್ತಿಯ ಜಾಗಕ್ಕೆ ಕಳೆನಾಶಕ ಸಿಂಪಡಿಸುವ ಕ್ಯಾನು ಬಂದಿದೆ. ಕ್ಯಾನಿನೊಳಗೆ ಹೆಚ್ಚಾಗಿ ಗ್ಲೈಫೋಸೇಟ್, ಕೆಲವೆಡೆ ಪ್ಯಾರಾಕ್ವಾಟ್ ಅಥವಾ 2,4-ಡಿ ಇರುತ್ತದೆ. ಗ್ಲೈಫೋಸೇಟನ್ನು ನಮ್ಮ ದೇಶದಲ್ಲಿ ಅನುಮೋದಿಸಿದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ, ಕಾಫಿಗಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಅದನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ಆದೇಶವನ್ನೂ ಹೊರಡಿಸಿತು. ಇಷ್ಟಾದರೂ ನಾವು ಅದನ್ನು ಕರೆಯುವುದು 'ಔಷಧಿ' ಎಂದೇ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಪಾಯಸಕ್ಕೆ ಹಾಕುವ ಮದ್ದುಸೊಪ್ಪು ಬೆಳೆಯುವುದು ತೋಟದಂಚಿನ ಅದೇ ನೆರಳಿನಲ್ಲಿ. ಔಷಧಿ ಬಿದ್ದರೆ ಮದ್ದು ಸಾಯುತ್ತದೆ ಎಂಬ ವಾಕ್ಯ ಕೊಡಗಿನಲ್ಲಿ ಮಾತ್ರ ಅರ್ಥಪೂರ್ಣವಾದೀತು.

[ದೃಶ್ಯ: ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಕೆಂಪು ನೀರು]

ಈಗ ನನಗೆ ಎರಡು ರಾತ್ರಿ ನಿದ್ದೆ ಕೆಡಿಸಿದ ಸಂಗತಿಗೆ ಬರುತ್ತೇನೆ. ಗ್ಲೈಫೋಸೇಟ್ ಹುಟ್ಟಿದ್ದು ಕಳೆನಾಶಕವಾಗಿ ಅಲ್ಲ. ಅಮೆರಿಕದಲ್ಲಿ 1964ರಲ್ಲಿ ಅದಕ್ಕೆ ಮೊದಲ ಪೇಟೆಂಟ್ ಸಿಕ್ಕಿದ್ದು ಲೋಹದ ಕಣಗಳನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕವೆಂದು. ಅನಂತರ ಮೊನ್ಸಾಂಟೊ ಕಂಪನಿಯವರು ನೀರಿನ ಗಡಸುತನ ಕಳೆಯಲು ಅದೇ ಕುಟುಂಬದ ರಾಸಾಯನಿಕಗಳನ್ನು ಪರೀಕ್ಷಿಸುತ್ತಿದ್ದಾಗ, ಅವುಗಳಲ್ಲಿ ಒಂದೆರಡು ಗಿಡಗಳನ್ನು ಸ್ವಲ್ಪಮಟ್ಟಿಗೆ ಬಾಡಿಸುವುದು ಕಂಡುಬಂತು. ಆ ಜಾಡು ಹಿಡಿದು ಹೊರಟ ಜಾನ್ ಫ್ರಾಂಜ್ ಎಂಬ ರಸಾಯನ ವಿಜ್ಞಾನಿ 1970ರಲ್ಲಿ ಗ್ಲೈಫೋಸೇಟಿನ ಶಕ್ತಿಯನ್ನು ಪತ್ತೆ ಹಚ್ಚಿದರು. 1974ರಲ್ಲಿ ಅದು ರೌಂಡಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನೀರನ್ನು ಮೆದುಗೊಳಿಸಲು ಹೊರಟವರ ಕೈಗೆ ಸಿಕ್ಕ ವಸ್ತುವು ನೀರಿನಲ್ಲಿ ಬೆರೆತಿದೆಯೇ ಎಂದು ಐವತ್ತು ವರ್ಷಗಳ ನಂತರ ನಾವು ಕೇಳುತ್ತಿದ್ದೇವೆ.

ಲೋಹವನ್ನು ಹಿಡಿಯುವ ಆ ಹಳೆಯ ಚಾಳಿಯನ್ನು ಗ್ಲೈಫೋಸೇಟ್ ಇಂದಿಗೂ ಬಿಟ್ಟಿಲ್ಲ. ತೋಟದ ಕೆಲಸ ಬಲ್ಲ ಯಾವ ರೈಟರನ್ನು, ಅಂದರೆ ತೋಟದ ಮೇಲ್ವಿಚಾರಕರನ್ನು, ಕೇಳಿದರೂ, ಕೆಸರು ನೀರಿನಲ್ಲಿ ಕಲಸಿದರೆ ಔಷಧಿ ಹತ್ತುವುದಿಲ್ಲ, ತಿಳಿನೀರೇ ಬೇಕು ಎನ್ನುತ್ತಾರೆ. ಕಾರಣ ಇಷ್ಟೇ: ನಮ್ಮ ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡ್ ಮತ್ತು ಅದರ ಜೊತೆಗಿರುವ ಅಲ್ಯೂಮಿನಿಯಂ ಆಕ್ಸೈಡ್ ಗ್ಲೈಫೋಸೇಟನ್ನು ಕ್ಯಾನಿನಲ್ಲೇ ಸೆಳೆದು ಕಟ್ಟಿಹಾಕುತ್ತವೆ. ನೀರಿನಲ್ಲಿ ಸಲೀಸಾಗಿ ಕರಗುವ ವಸ್ತುವೊಂದು ಕೊಡಗಿನ ಮಣ್ಣು ಮುಟ್ಟಿದೊಡನೆ ಜಿಗಣೆಯಂತೆ ಅಂಟಿಕೊಳ್ಳುತ್ತದೆ. ಹಾಗಾಗಿ ಅದು ಮಣ್ಣಿನಾಳಕ್ಕೆ ಇಳಿದು ಅಂತರ್ಜಲ ಸೇರುವ ಸಾಧ್ಯತೆ ಕಡಿಮೆ, ಮತ್ತು ಇದು ನಿಜಕ್ಕೂ ಸಮಾಧಾನದ ಸುದ್ದಿ.

ಆದರೆ ಈ ಲೋಟವನ್ನು ನೋಡಿ. ಜುಲೈ ತಿಂಗಳಿನ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ, ಇಳಿಜಾರಿನ ತೋಟದ ಕೆಳಗಿನ ಕೊಲ್ಲಿಯಿಂದ ತುಂಬಿಸಿಕೊಂಡ ನೀರಿದು. ಮೂರು ಗಂಟೆ ಅಲುಗಾಡಿಸದೆ ಇಟ್ಟ ಮೇಲೆ ತಳದಲ್ಲಿ ಅರ್ಧ ಬೆರಳು ಕೆಂಪು ಗಸಿ ನಿಂತಿದೆ, ಮೇಲಿನ ನೀರು ಇನ್ನೂ ಚಹಾದ ಬಣ್ಣದಲ್ಲೇ ಇದೆ. ಗ್ಲೈಫೋಸೇಟ್ ಮಣ್ಣನ್ನು ಬಿಟ್ಟು ಬರುವುದಿಲ್ಲ, ನಿಜ. ಆದರೆ ಮಣ್ಣೇ ಹೊರಟು ಬಂದರೆ? ಕಳೆ ಸತ್ತು ಬೋಳಾದ ನೆಲದ ಮೇಲೆ ಮುಂಗಾರಿನ ಮಳೆ ಸುರಿದಾಗ ಕೊಚ್ಚಿ ಹೋಗುವುದು ಅದೇ ಮೇಲ್ಮಣ್ಣು. ಕತ್ತಿಯಿಂದ ಸವರಿದ ಕಳೆಯ ಬೇರುಗಳು ಮಣ್ಣನ್ನು ಹಿಡಿದಿರುತ್ತವೆ, ಔಷಧಿ ಹೊಡೆದ ಕಳೆಯ ಬೇರುಗಳು ಸತ್ತು ಕೊಳೆಯುತ್ತವೆ. ಇದರ ಮೇಲೆ ರಂಜಕದ ಗೊಬ್ಬರವನ್ನು ಧಾರಾಳವಾಗಿ ಹಾಕಿದ್ದರೆ, ಮಣ್ಣಿನ ಕಣದ ಮೇಲಿನ ಅದೇ ಜಾಗಕ್ಕಾಗಿ ಫಾಸ್ಫೇಟ್ ಪೈಪೋಟಿಗೆ ಇಳಿಯುವುದರಿಂದ ಗ್ಲೈಫೋಸೇಟಿನ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ.

ಪಟ್ಟಣದ ಶುದ್ಧೀಕರಣ ಘಟಕದಲ್ಲಿ ಪಟಿಕ ಹಾಕಿ ಮಣ್ಣನ್ನು ತಳಕ್ಕೆ ಇಳಿಸುವಾಗ, ಆ ಮಣ್ಣಿಗೆ ಅಂಟಿದ ಭಾಗವೂ ಇಳಿಯುತ್ತದೆ. ಕೊಲ್ಲಿಗೆ ಪೈಪು ಹಾಕಿ ಸಿಂಟೆಕ್ಸ್ ಟ್ಯಾಂಕಿಗೆ ನೇರವಾಗಿ ನೀರು ತರುವ ಮನೆಗೂ ಲೈನ್‌ಮನೆಗೂ ಆ ಅನುಕೂಲವಿಲ್ಲ.

[ಪರದೆಯ ಮೇಲೆ: ಹಾರಂಗಿ ಜಲಾಶಯ]

ಎಷ್ಟಿದ್ದರೆ ಹೆಚ್ಚು? ಇಲ್ಲೊಂದು ಲೆಕ್ಕ ಮಾಡಿದ್ದೇನೆ, ಕ್ಯಾಲ್ಕುಲೇಟರ್ ಇಟ್ಟುಕೊಂಡು ನೀವೂ ಮಾಡಿ ನೋಡಿ. ಹಾರಂಗಿ ಜಲಾಶಯದ ಸಾಮರ್ಥ್ಯ 8.5 ಟಿಎಂಸಿ, ಅಂದರೆ ಸುಮಾರು 24,000 ಕೋಟಿ ಲೀಟರ್. ಶೇಕಡ 41ರ ಗ್ಲೈಫೋಸೇಟಿನ ಒಂದು ಲೀಟರ್ ಬಾಟಲಿಯಲ್ಲಿ ಅಸಲು ವಸ್ತು ಸುಮಾರು 360 ಗ್ರಾಂ. ಯುರೋಪಿನ ನಿಯಮದ ಪ್ರಕಾರ ಕುಡಿಯುವ ನೀರಿನಲ್ಲಿ ಯಾವುದೇ ಒಂದು ಕೀಟನಾಶಕ ಅಥವಾ ಕಳೆನಾಶಕವು ಲೀಟರಿಗೆ 0.1 ಮೈಕ್ರೋಗ್ರಾಂ ದಾಟಬಾರದು. ತುಂಬಿದ ಹಾರಂಗಿಯನ್ನು ಆ ಗೆರೆ ಮುಟ್ಟಿಸಲು, ಎಲ್ಲವೂ ನೀರಿನಲ್ಲೇ ಉಳಿಯಿತು ಎಂದುಕೊಂಡರೆ, ಬೇಕಾಗುವುದು ಅರವತ್ತೇಳು ಬಾಟಲಿ, ಒಂದು ಪಿಕಪ್ ಜೀಪಿನ ಮೂಲೆಯಲ್ಲಿ ಹಿಡಿಸುವಷ್ಟು. ಅದೇ ಹಾರಂಗಿಯನ್ನು ಅಮೆರಿಕದ ಗೆರೆ ಮುಟ್ಟಿಸಲು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಬಾಟಲಿ ಬೇಕು, ಏಕೆಂದರೆ ಅಲ್ಲಿನ ಮಿತಿ 700 ಮೈಕ್ರೋಗ್ರಾಂ.

ಒಂದೇ ವಸ್ತು, ಏಳು ಸಾವಿರ ಪಟ್ಟು ವ್ಯತ್ಯಾಸ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರಿಸುತ್ತಿದ್ದಾರೆ. ಅಮೆರಿಕದವರು ಎಷ್ಟು ಕುಡಿದರೆ ಹಾನಿಯಾದೀತು ಎಂದು ಲೆಕ್ಕ ಹಾಕಿದರು. 1980ರಲ್ಲಿ ಯುರೋಪಿನವರು ಕುಡಿಯುವ ನೀರಿನಲ್ಲಿ ಇದೇನೂ ಇರಲೇಬಾರದು ಎಂದು ತೀರ್ಮಾನಿಸಿ, ಆ ಕಾಲದ ಉಪಕರಣಗಳು ಅಳೆಯಬಲ್ಲ ಸೊನ್ನೆಗೆ ಹತ್ತಿರದ ಅಂಕಿಯನ್ನು ಇಟ್ಟರು. ನನ್ನ ಒಲವು ಯುರೋಪಿನ ಕಡೆಗೆ, ಆದರೆ 0.1 ದಾಟಿದ ನೀರೆಲ್ಲ ವಿಷವೆಂದು ಕೂಗುವ ವಾಟ್ಸ್ಆ್ಯಪ್ ಸಂದೇಶಗಳ ಕಡೆಗಲ್ಲ.

ನಮ್ಮ ಗೆರೆ ಎಲ್ಲಿದೆ? ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500, 2012ರ ಆವೃತ್ತಿಯ ಕೋಷ್ಟಕದಲ್ಲಿ ಇನ್ನೊಂದು ಕಳೆನಾಶಕವಾದ ಅಟ್ರಾಜಿನ್‌ಗೆ 2 ಮೈಕ್ರೋಗ್ರಾಂ, 2,4-ಡಿಗೆ 30 ಮೈಕ್ರೋಗ್ರಾಂ ಮಿತಿಯಿದೆ. ಅಲಾಕ್ಲೋರ್, ಬ್ಯೂಟಾಕ್ಲೋರ್, ಐಸೋಪ್ರೊಟ್ಯುರಾನ್ ಹೆಸರುಗಳೂ ಇವೆ. ಗ್ಲೈಫೋಸೇಟ್ ಮತ್ತು ಪ್ಯಾರಾಕ್ವಾಟ್ ಆ ಕೋಷ್ಟಕದಲ್ಲಿ ಇಲ್ಲ. ಸಾಲದೆಂಬಂತೆ, ಹತ್ತಾರು ಕೀಟನಾಶಕಗಳನ್ನು ಒಂದೇ ಸಲಕ್ಕೆ ಹಿಡಿಯುವ ಸಾಮಾನ್ಯ ಪ್ರಯೋಗಾಲಯ ವಿಧಾನದ ಬಲೆಗೆ ಗ್ಲೈಫೋಸೇಟ್ ಬೀಳುವುದಿಲ್ಲ. ಅದಕ್ಕೆ ಪ್ರತ್ಯೇಕ ಪರೀಕ್ಷೆಯೇ ಬೇಕು.

ವಿಡಿಯೋ ಆಗಲೇ ಉದ್ದವಾಯಿತು, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ನೀರನ್ನು ಕುದಿಸುವುದರಿಂದ ಕಳೆನಾಶಕ ಹೋಗುವುದಿಲ್ಲ, ಆರ್‌ಒ ಬಹುಪಾಲನ್ನು ತಡೆಯುತ್ತದೆ. ಇದ್ದಿಲಿನ ಫಿಲ್ಟರ್ ಅಟ್ರಾಜಿನ್‌ಗೆ ಒಳ್ಳೆಯದು, ಗ್ಲೈಫೋಸೇಟಿಗೆ ಅಷ್ಟಾಗಿ ಅಲ್ಲ. 2,4-ಡಿ ಮಣ್ಣಿಗೆ ಅಂಟುವುದು ಕಡಿಮೆಯಾದ್ದರಿಂದ ಮಳೆಗೆ ಬೇಗ ಹರಿಯುತ್ತದೆ, ಆದರೆ ಬೇಗ ಒಡೆಯುತ್ತದೆ ಕೂಡ.

ವೇಳೆಯ ಮಾತನ್ನು ಮಾತ್ರ ಬಿಡುವಂತಿಲ್ಲ. ಅಮೆರಿಕದ ಜೋಳದ ಸೀಮೆಯಲ್ಲಿ ಅಟ್ರಾಜಿನ್ ನದಿಗಳಲ್ಲಿ ಏರುವುದು ಬಿತ್ತನೆಯ ನಂತರದ ಮೊದಲ ಮಳೆಗಳಲ್ಲಿ, ಮೇ ಮತ್ತು ಜೂನ್‌ನಲ್ಲಿ; ಆದರೆ ಅಲ್ಲಿನ 3 ಮೈಕ್ರೋಗ್ರಾಂ ಮಿತಿಯನ್ನು ವರ್ಷದ ಸರಾಸರಿಗೆ ಹೋಲಿಸುವುದರಿಂದ ಆ ಏರಿಕೆ ಕಾಗದದ ಮೇಲೆ ಕರಗಿಹೋಗುತ್ತದೆ. ಅದನ್ನು ಶೋಧಿಸಿ ತೆಗೆಯುವ ಖರ್ಚಿಗಾಗಿ ಸಾವಿರಕ್ಕೂ ಹೆಚ್ಚು ನೀರು ಸರಬರಾಜು ವ್ಯವಸ್ಥೆಗಳು ಪಾಲು ಪಡೆದ ಮೊಕದ್ದಮೆಯಲ್ಲಿ, ತಯಾರಕರಾದ ಸಿಂಜೆಂಟಾ 2012ರಲ್ಲಿ 10.5 ಕೋಟಿ ಡಾಲರ್ ಕೊಡಲು ಒಪ್ಪಿತು.

ನಾಪೋಕ್ಲಿನ ಮಿತ್ರರೇ, ನೀವು ಕಳುಹಿಸಿದ ವರದಿಯಲ್ಲಿ ಮಾದರಿ ತೆಗೆದ ತಿಂಗಳು ಫೆಬ್ರವರಿ ಎಂದಿದೆ. ಆಗ ಕೊಲ್ಲಿಯ ನೀರು ಕನ್ನಡಿಯಂತಿರುತ್ತದೆ. ಔಷಧಿ ಹೊಡೆದ ನಂತರದ ಮೊದಲ ದೊಡ್ಡ ಮಳೆಗೆ ಕಾದು, ನೀರು ಕೆಂಪಾದ ದಿನವೇ ಮಾದರಿ ತೆಗೆಸಿ, ಗ್ಲೈಫೋಸೇಟ್ ಎಂದು ಹೆಸರಿಸಿಯೇ ಪರೀಕ್ಷೆ ಕೇಳಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಬಾಟಲಿಗೆ ಸೋಡಿಯಂ ಥಯೋಸಲ್ಫೇಟ್ ಸೇರಿಸಿ, ತಂಪಾಗಿಟ್ಟು ಕಳುಹಿಸಬೇಕು. ಇಲ್ಲವಾದರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಕ್ಲೋರಿನ್ ಗ್ಲೈಫೋಸೇಟನ್ನು ದಾರಿಯಲ್ಲೇ ಒಡೆದಿರುತ್ತದೆ, ನಿಮ್ಮ ಕೈಗೆ ಮತ್ತೆ ಎಲ್ಲವೂ ಸರಿ ಇರುವ ವರದಿಯೇ ಬರುತ್ತದೆ.