ಓಡದ ಗಾಡಿ ಹೊಸ ಗಾಡಿ ಅಲ್ಲ

ನಮಸ್ಕಾರ. ಹಳೇ ಲಾರಿ ನೋಡೋಕೆ ಹೋದ್ರೆ ಬ್ರೋಕರ್ ಬಾಯಲ್ಲಿ ಬರೋ ಮೊದಲ ಮಾತೇ "ಸಾರ್, ಈ ಗಾಡಿ ಓಡೇ ಇಲ್ಲ" ಅಂತ. ಇಪ್ಪತ್ತು ವರ್ಷದ ಟಾಟಾ 407, ಮೀಟರಲ್ಲಿ 38,000 ಕಿಲೋಮೀಟರ್. ಆ ಒಂದು ಮಾತಿಗೆ ದಯವಿಟ್ಟು ಹೆಚ್ಚು ದುಡ್ಡು ಕೊಡಬೇಡಿ. ಓಡಾಟ ಸವೆಸೋದು ಕಬ್ಬಿಣಾನ. ರಬ್ಬರು, ಆಯಿಲು, ಗ್ರೀಸು ನಿಂತಲ್ಲೇ ಹಾಳಾಗ್ತವೆ.

ಮೊದಲು ಆ 38,000 ನಿಜಾನಾ ನೋಡಿ. ಐದಂಕಿ ಮೀಟರ್ ಆದ್ರೆ 99,999 ದಾಟಿದ ಮೇಲೆ ಮತ್ತೆ ಸೊನ್ನೆಗೆ ಬರುತ್ತೆ. ಕೇಬಲ್ ಕಳಚಿ ಓಡಿಸಿದ್ರೂ ಗೊತ್ತಾಗಲ್ಲ. ಒಂದು ಚಕ್ರ ಬಿಚ್ಚಿಸಿ, ಬ್ರೇಕ್ ಡ್ರಮ್ಮಿನ ಒಳ ಅಂಚಲ್ಲಿ ಬೆರಳಾಡಿಸಿ. ಉಗುರು ತಡೆಯೋವಷ್ಟು ಏಣು ಎದ್ದಿದ್ರೆ ಗಾಡಿ ಚೆನ್ನಾಗೇ ದುಡಿದಿದೆ. ನೀರಿನ ಟ್ಯಾಂಕರ್ ಆಗಿದ್ರೆ ಇನ್ನೂ ಹುಷಾರು: ನಿಂತಲ್ಲೇ ಇಂಜಿನ್‌ನಿಂದ ಪಂಪ್ ಓಡಿಸಿದ್ರೆ ಗಂಟೆಗಟ್ಟಲೆ ಸವೆತ ಆಗುತ್ತೆ, ಮೀಟರ್ ಕದಲಲ್ಲ. ಇನ್ನು ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಾವರ್ಷ ಎಫ್‌ಸಿ (ಗಾಡಿ ಓಡೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಎಫ್‌ಸಿ ಯಾವ ವರ್ಷಕ್ಕೆ ನಿಂತಿದೆಯೋ, ಹೆಚ್ಚುಕಮ್ಮಿ ಅವತ್ತಿಂದ ಗಾಡಿ ಶೆಡ್ಡಲ್ಲಿದೆ ಅಂತ ಲೆಕ್ಕ.

ಕೊಂಡಾಯ್ತು ಅಂದ್ಕೊಳ್ಳಿ. ಕೀ ತಿರುಗಿಸೋ ಆತುರ ಬೇಡ. ಟ್ಯಾಂಕಿನ ಅಡಿ ಬೋಲ್ಟ್ ಬಿಚ್ಚಿ, ಹಳೇ ಡೀಸೆಲ್ ಪೂರ್ತಿ ಇಳಿಸಿ. ತಳದಲ್ಲಿ ನೀರು, ಅದರ ಜೊತೆ ಕೆಂಪು ತುಕ್ಕು ಬರುತ್ತೆ. ಅದು ಪಂಪಿಗೆ ಹೋದ್ರೆ ಖರ್ಚು ಇಂಜೆಕ್ಟರ್‌ವರೆಗೂ ಬೆಳೆಯುತ್ತೆ. ಡೀಸೆಲ್ ಫಿಲ್ಟರ್‌ಗಳನ್ನ ಹೊಸದು ಹಾಕಿ, ಗಾಳಿ ಬಿಡೋ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲೋವರೆಗೂ ಕೈಪಂಪ್ ಒತ್ತಿ.

ಆಮೇಲೆ ಇಂಜಿನ್ ಆಯಿಲ್. ಚಿಕ್ಕ ಚಿಕ್ಕ ಓಡಾಟದಲ್ಲಿ ಆಯಿಲ್ ಸರಿಯಾಗಿ ಕಾಯಲ್ಲ, ಒಳಗೆ ಕೂತ ನೀರು ಆವಿಯಾಗಲ್ಲ. ಆಯಿಲ್ ಮುಚ್ಚಳದ ಒಳಗೆ ಕೆನೆ ಥರ ಬಿಳಿ ಜಿಡ್ಡು ಕಟ್ಟೋದು ಇದಕ್ಕೇ. ಹಳೇದು ಇಳಿಸಿ, ಫಿಲ್ಟರ್ ಬದಲಿಸಿ, 15ಡಬ್ಲ್ಯು-40 ಹಾಕಿ. ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ತಿರುಗಲಿಲ್ಲ ಅಂದ್ರೆ ಸ್ಟಾರ್ಟರ್ ಮುಟ್ಟಲೇಬೇಡಿ. ತಿರುಗಿದ್ರೆ, ಇಂಜಿನ್ ನಿಲ್ಲಿಸೋ ಸ್ಟಾಪ್ ನಾಬ್ ಎಳೆದು ಹಿಡಿದು ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೀರಿ. ಆಯಿಲ್ ಪ್ರೆಷರ್ ಬಂದ ಮೇಲೇ ಸ್ಟಾಪ್ ಬಿಡಿ. 500 ಕಿಲೋಮೀಟರ್ ಆದ ಮೇಲೆ ಈ ಆಯಿಲನ್ನೂ ಬದಲಿಸಿ.

ನನಗೆ ನಿಜವಾಗ್ಲೂ ಭಯ ಇರೋದು ಬ್ರೇಕ್ ಬಗ್ಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯೋಕೆ ಕಮ್ಮಿ ಅಂದ್ರೂ 205 ಡಿಗ್ರಿ ಬೇಕು, ತೇವ ಹಿಡಿದ ಮೇಲೆ 140ರ ಹತ್ತಿರವೇ ಕುದಿಯಬಹುದು. ಲೋಡ್ ಹಾಕಿ ಚಾರ್ಮಾಡಿ ಘಾಟಿ ಇಳಿಯುವಾಗ ಅದು ಕುದಿದ್ರೆ ಪೆಡಲ್ ನೆಲಕ್ಕೆ ಹೋಗುತ್ತೆ. ಅದೇ ತೇವ, ಚಕ್ರದಲ್ಲಿ ಬ್ರೇಕ್ ಶೂ ತಳ್ಳೋ ವೀಲ್ ಸಿಲಿಂಡರ್ ಒಳಗೆ ಗುಳಿ ತಿನ್ನುತ್ತೆ. ರಬ್ಬರ್ ಕಿಟ್ ಮಾತ್ರ ಹಾಕಿ ಕಳಿಸೋ ಮೆಕ್ಯಾನಿಕ್ ಇದ್ದಾರೆ, ಒಪ್ಪಬೇಡಿ. ಗುಳಿ ಬಿದ್ದ ಸಿಲಿಂಡರ್ ಹೊಸ ರಬ್ಬರನ್ನೂ ಕೊರೆದುಬಿಡುತ್ತೆ, ಸಿಲಿಂಡರನ್ನೇ ಬದಲಿಸಿ. ಬ್ರೇಕ್ ಹೋಸ್‌ಗಳೂ ಹೊಸದೇ ಆಗಲಿ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರ್ತವೆ.

ಟೈರ್ ಬಟನ್ (ಮೇಲಿನ ಅಚ್ಚು) ನೋಡಿ ಮೋಸ ಹೋಗಬೇಡಿ. ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ. 2314 ಅಂದ್ರೆ 2014ರ 23ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ್ದು ಸ್ಟೆಪ್ನಿಗೂ ಬೇಡ. ಟ್ಯೂಬು, ಫ್ಲ್ಯಾಪು ಜೊತೆಗೇ ಬದಲಿಸಿ. ವೀಲ್ ಬೇರಿಂಗ್ ಗ್ರೀಸ್ ಸೋಪಿನ ಗಟ್ಟಿ ಥರ ಆಗಿರುತ್ತೆ, ಡೀಸೆಲ್ಲಲ್ಲಿ ತೊಳೆದು ಹೊಸದು ತುಂಬಿ.

ಗಾಡಿ ಮಂಗಳೂರು, ಕಾರವಾರದ ಕಡೇದಾದ್ರೆ ಚಾಸಿ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ಬಡಿದು ಕೇಳಿ. ಮರದ ಬಾಡಿ ಕೂತಿರೋ ಕಡೆ ನೀರು ನಿಂತು ತುಕ್ಕು ತಿಂದಿರುತ್ತೆ. ಟಣ್ ಅನ್ನಬೇಕಾದಲ್ಲಿ ಮಂಕಾಗಿ ಸದ್ದು ಬಂದ್ರೆ ಆ ಗಾಡಿ ಬಿಟ್ಟುಬಿಡಿ.

ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಸೀಲ್ ಸ್ವಲ್ಪ ಜಿನುಗಿದ್ರೆ ತಕ್ಷಣ ಬಿಚ್ಚೋದು ಬೇಡ, ಆಯಿಲ್ ಮಟ್ಟ ನೋಡ್ಕೊಂಡು ಸಾವಿರ ಕಿಲೋಮೀಟರ್ ಓಡಿಸಿ. ಆದ್ರೆ ಮೊದಲ ಇಪ್ಪತ್ತು ಕಿಲೋಮೀಟರ್ ಖಾಲಿ ಗಾಡೀಲೇ. ಇಳಿದು ನಾಲ್ಕೂ ಡ್ರಮ್ ಹತ್ತಿರ ಕೈ ಹಿಡೀರಿ, ಮುಟ್ಟಬೇಡಿ. ಒಂದು ಮಾತ್ರ ಬೆಂಕಿ ಥರ ಸುಡ್ತಿದ್ರೆ ಆ ಚಕ್ರದ ಬ್ರೇಕ್ ಶೂ ಬಿಡ್ತಾ ಇಲ್ಲ. ಲೋಡ್ ಹಾಕೋ ಮುಂಚೆ ಮತ್ತೆ ಬಿಚ್ಚಿಸಿ.