ಲಗ್ನದ ಮುಹೂರ್ತ, ಅರ್ಜಿಯ ಮುಹೂರ್ತ

ಕೇಳುಗರಿಗೆ ನಮಸ್ಕಾರ.

ನಾನು ಬೆಳಗಾವಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಪಗಾರ, ತೆರಿಗೆ, ಬ್ಯಾಂಕಿನ ಕಾಗದ, ಇವೇ ನನ್ನ ದಿನದ ಕೆಲಸ. ಇದರ ಜೊತೆಗೆ ಇನ್ನೊಂದು ಕೆಲಸ ತಾನಾಗಿಯೇ ಬಂದು ಸೇರಿಕೊಂಡಿದೆ. ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮ ಕಡೆಯ ಮಕ್ಕಳು ಊರಿಗೆ ಬಂದು ಲಗ್ನ ಆಗುತ್ತಾರೆ. ಆಮೇಲೆ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ವೀಸಾ ಬೇಕು. ವೀಸಾಕ್ಕೆ ಆದಾಯದ ಲೆಕ್ಕ ತೋರಿಸಬೇಕು. ಆಗ ಎರಡೂ ಕಡೆಯ ಬೀಗರು ಒಂದು ಚೀಲದ ತುಂಬ ಕಾಗದ ಹೊತ್ತುಕೊಂಡು ನನ್ನ ಹತ್ತಿರ ಬರುತ್ತಾರೆ.

ಗೋಕಾಕ, ಹುಕ್ಕೇರಿ, ಜಮಖಂಡಿ, ಇಂಡಿ ಕಡೆ ಈಗ ರೇಡಿಯೋ ಹಚ್ಚಿಕೊಂಡು ಕುಳಿತ ತಂದೆ ತಾಯಿಯರಿಗೆ ಇವತ್ತು ಒಂದೇ ಮಾತು ಹೇಳಬೇಕಾಗಿದೆ. ಲಗ್ನಕ್ಕೆ ಮುಹೂರ್ತ ನೋಡುತ್ತೀರಿ ಅಲ್ವಾ? ವೀಸಾದ ಅರ್ಜಿಗೂ ಮುಹೂರ್ತ ನೋಡಿ. ಆ ಮುಹೂರ್ತ ಪಂಚಾಂಗದಲ್ಲಿ ಸಿಗುವುದಿಲ್ಲ, ಪಗಾರದ ಸ್ಲಿಪ್ಪಿನಲ್ಲಿ ಸಿಗುತ್ತದೆ.

ಮೊದಲು ನಿಯಮ ಹೇಳುತ್ತೇನೆ. ಬ್ರಿಟನ್ನಿನ ಪೌರರು, ಇಲ್ಲವೇ ಅಲ್ಲಿ ಕಾಯಂ ಆಗಿ ಇರಲು ಅನುಮತಿ ಪಡೆದವರು, ತಮ್ಮ ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ ಕನಿಷ್ಠ 29,000 ಪೌಂಡ್ ಆದಾಯ ತೋರಿಸಬೇಕು. ನಮ್ಮ ರೂಪಾಯಿಯಲ್ಲಿ ಇದು 30 ಲಕ್ಷ ದಾಟುತ್ತದೆ. 2012ರಿಂದ ಈ ಮೊತ್ತ 18,600 ಪೌಂಡ್ ಇತ್ತು. 2024ರ ಏಪ್ರಿಲ್ 11ರಂದು ಒಮ್ಮೆಲೇ 29,000 ಆಯಿತು. ಇದು ತೆರಿಗೆ ಕಳೆಯುವ ಮೊದಲಿನ ಪಗಾರ. ಕೈಗೆ ಬರುವ ಹಣ ನೋಡಿ ಗಾಬರಿ ಆಗಬೇಡಿ. ಓದಲು ಹೋದವರದ್ದು, ಕೆಲಸದ ವೀಸಾದಲ್ಲಿ ಇರುವವರದ್ದು ಬೇರೆ ನಿಯಮ. ಇವತ್ತು ಅದರ ಸುದ್ದಿ ಬೇಡ.

ಈಗ ಹೊಲದ ಮಾತಿಗೆ ಬರುತ್ತೇನೆ. ಹುಡುಗನ ತಂದೆ ಮೊದಲು ಚೀಲದಿಂದ ತೆಗೆಯುವುದೇ ಉತಾರ, ಅಂದರೆ ಹೊಲದ ಪಹಣಿ. "ಸಾಹೇಬ್ರ, ಹನ್ನೆರಡ ಎಕರೆ ನೀರಾವರಿ ಐತ್ರಿ. ಎಲ್ಲಾ ಕಬ್ಬು. ನಮ್ಮ ಹುಡುಗ ಅಲ್ಲಿ ಹೋಗಿ ಉಪವಾಸ ಬೀಳಾಂವಲ್ಲ" ಅನ್ನುತ್ತಾರೆ. ಮಾತು ನಿಜ. ಆದರೆ ಅಲ್ಲಿಯವರು ಉತಾರ ಕೇಳುವುದಿಲ್ಲ. ಹುಡುಗ ಇಲ್ಲೇ ಬೆಳಗಾವಿಯ ಉದ್ಯಮಬಾಗದಲ್ಲಿ ಒಳ್ಳೆಯ ಪಗಾರದ ಕೆಲಸದಲ್ಲಿ ಇದ್ದರೂ, ಇಲ್ಲಿಂದ ಅರ್ಜಿ ಹಾಕುವಾಗ ಆ ಪಗಾರವನ್ನು ಹಿಡಿಯುವುದಿಲ್ಲ. ಕರೆಸಿಕೊಳ್ಳುವವರ ಗಳಿಕೆಯನ್ನೇ ನೋಡುತ್ತಾರೆ.

ಇದನ್ನು ನಾನು ಕಬ್ಬಿನ ಲೆಕ್ಕದಲ್ಲೇ ಹೇಳುತ್ತೇನೆ. ಹೊಲದಲ್ಲಿ ಕಬ್ಬು ಎಷ್ಟು ಎತ್ತರ ನಿಂತಿದೆ ಅಂತ ನೋಡಿ ಫ್ಯಾಕ್ಟರಿಯವರು ಬಿಲ್ಲು ಮಾಡುತ್ತಾರಾ? ಇಲ್ಲ. ಗಾಡಿ ಕಾಟಾದ ಮೇಲೆ ಹತ್ತಬೇಕು, ತೂಕದ ಚೀಟಿ ಬರಬೇಕು. ಆ ಚೀಟಿಗೆ ಬಿಲ್ಲು. ವೀಸಾದವರಿಗೆ ಪಗಾರದ ಸ್ಲಿಪ್ಪೇ ತೂಕದ ಚೀಟಿ. ಒಂದೇ ಕಡೆ ಆರು ತಿಂಗಳು ಕೆಲಸ ಮಾಡಿದ್ದರೆ ಆರು ಸ್ಲಿಪ್ಪು ಸಾಕು. ಆರು ತಿಂಗಳು ಆಗಿಲ್ಲದಿದ್ದರೆ ಹಿಂದಿನ ಪೂರಾ ಹನ್ನೆರಡು ತಿಂಗಳಲ್ಲಿ ನಿಜವಾಗಿ ಎಷ್ಟು ಗಳಿಸಿದ್ದೀರಿ ಅಂತ ಕೂಡಿಸಿ ನೋಡುತ್ತಾರೆ. ಬಹಳ ಜನ ಎಡವುವುದು ಇಲ್ಲೇ.

ಒಂದು ಮನೆಯ ಕತೆ ಹೇಳುತ್ತೇನೆ. ಗೋಕಾಕ ತಾಲೂಕಿನ ಹುಡುಗಿ. ನರ್ಸಿಂಗ್ ಕಲಿತು ಬ್ರಿಟನ್ನಿಗೆ ಹೋದಳು. ಐದು ವರ್ಷ ದುಡಿದು ಅಲ್ಲಿ ಕಾಯಂ ಇರುವ ಅನುಮತಿ ಪಡೆದಳು. ವರ್ಷಕ್ಕೆ 33,000 ಪೌಂಡ್ ಪಗಾರ. ಜಮಖಂಡಿ ಕಡೆಯ ಹುಡುಗನ ಜೊತೆ ಲಗ್ನ ಗೊತ್ತಾಯಿತು. 2024ರ ಯುಗಾದಿ ಮುಗಿದ ಮೇಲೆ, ಏಪ್ರಿಲ್ ತಿಂಗಳಲ್ಲೇ ಲಗ್ನ. ಮನೆಯ ಮೊದಲ ಲಗ್ನ, ಸಂಭ್ರಮ ಜೋರಾಗಿತ್ತು. ಹುಡುಗಿ ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ ರಜೆ ಹಾಕಿದಳು. ಪಗಾರ ಇಲ್ಲದ ರಜೆ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಗಳು ಏಳು ವರ್ಷದ ಮೇಲೆ ಮನೆಯಲ್ಲಿ ಇದ್ದಾಳೆ ಅನ್ನುವ ಖುಷಿ ಅವ್ವನಿಗೆ.

ಜುಲೈನಲ್ಲಿ ಹೋಗಿ ಹಳೆಯ ಕೆಲಸ ಸೇರಿದಳು. ಅಷ್ಟರಲ್ಲಿ ಇನ್ನೊಂದು ಕಡೆ 36,000 ಪೌಂಡಿನ ಕೆಲಸ ಸಿಕ್ಕಿತು. ಸೆಪ್ಟೆಂಬರ್ 1ಕ್ಕೆ ಅಲ್ಲಿಗೆ ಹೋದಳು. ಪಗಾರ ಜಾಸ್ತಿ ಆಯಿತು, ಇನ್ನು ವೀಸಾ ಸುಲಭ ಅಂತ ಎಲ್ಲರೂ ತಿಳಿದರು. ನವೆಂಬರ್ ಶುರುವಿಗೆ ಅರ್ಜಿ ಹಾಕಿಬಿಟ್ಟರು. ತಿರಸ್ಕಾರ ಆಯಿತು.

ಅವರು ನನ್ನ ಹತ್ತಿರ ಬಂದದ್ದು ಆಮೇಲೆ. ಹುಡುಗಿಯ ತಂದೆ ಖುರ್ಚಿಯಲ್ಲಿ ಕುಳಿತು ಒಂದೇ ಮಾತು ಕೇಳಿದರು. "29,000 ಕೇಳ್ತಾರ, ನನ್ನ ಮಗಳದ 36,000 ಐತಿ. ಯಾಕ ಆಗಲಿಲ್ರಿ?" ಅವರ ಎದುರಿಗೇ ಒಂದು ಹಾಳೆ ತೆಗೆದು ಲೆಕ್ಕ ಬರೆದೆ. ನೀವೂ ಮನಸ್ಸಿನಲ್ಲೇ ಕೂಡಿಸಿ. ಹೊಸ ಕೆಲಸಕ್ಕೆ ಆರು ತಿಂಗಳು ಆಗಿಲ್ಲ. ಹಾಗಾಗಿ ಹಿಂದಿನ ಹನ್ನೆರಡು ತಿಂಗಳ ಗಳಿಕೆ ನೋಡಬೇಕು. ಹಳೆಯ ಕೆಲಸದ ಏಳು ತಿಂಗಳು, ತಿಂಗಳಿಗೆ 2,750. ಒಟ್ಟು 19,250. ಹೊಸ ಕೆಲಸದ ಎರಡು ತಿಂಗಳು, ತಿಂಗಳಿಗೆ 3,000. ಅದು 6,000. ಉಳಿದ ಮೂರು ತಿಂಗಳು ಲಗ್ನದ ರಜೆ. ಅದು ಸೊನ್ನೆ. ಕೂಡಿಸಿದರೆ 25,250. ಬೇಕಾದದ್ದು 29,000. ಹಳೆಯ 18,600 ಇದ್ದಿದ್ದರೆ ಸಲೀಸಾಗಿ ದಾಟುತ್ತಿತ್ತು. ಆದರೆ ಇವರ ಅಕ್ಷತೆ ಬೀಳುವ ಹೊತ್ತಿಗೆ ಅಲ್ಲಿ ಮೊತ್ತ ಬದಲಾಗಿತ್ತು.

ಅವರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ "ಹಂಗಾರ ತಪ್ಪು ಆಕಿದಲ್ಲ, ತಾರೀಖಿಂದು" ಅಂದರು. ಹೌದು, ತಾರೀಖಿನದ್ದೇ. ಆ ಮಾತು ನನಗೆ ಇವತ್ತಿಗೂ ನೆನಪಿದೆ. ಅರ್ಜಿಯ ಫೀ 1,846 ಪೌಂಡ್ ಹೋಯಿತು. ನಮ್ಮಲ್ಲಿ ಸುಮಾರು ಎರಡು ಲಕ್ಷ ರೂಪಾಯಿ. ಆರೋಗ್ಯ ಸೇವೆಗೆ ಮೊದಲೇ ಕಟ್ಟಿದ ಹಣ ವಾಪಸ್ ಬಂತು, ಅದೊಂದು ಸಮಾಧಾನ. ಹೊಸ ಲಗ್ನದ ಜೋಡಿ ದೂರ ದೂರ ಕಳೆದ ತಿಂಗಳುಗಳನ್ನು ಯಾರು ವಾಪಸ್ ಕೊಡುತ್ತಾರೆ?

ನಾನು ಅವರಿಗೆ ಹೇಳಿದ್ದು ಇಷ್ಟೇ. ಕೆಲಸ ಬಿಡಬೇಡ, ರಜೆ ಹಾಕಬೇಡ, ಫೆಬ್ರವರಿ ಮುಗಿಯಲಿ. ಫೆಬ್ರವರಿ ಕೊನೆಗೆ ಹೊಸ ಕೆಲಸಕ್ಕೆ ಆರು ತಿಂಗಳು ತುಂಬಿತು. 2025ರ ಮಾರ್ಚ್ ಎರಡನೇ ವಾರದಲ್ಲಿ ಮತ್ತೆ ಅರ್ಜಿ ಹಾಕಿದರು. ಅದೇ ಹುಡುಗಿ, ಅದೇ ಕೆಲಸ, ಅದೇ ಪಗಾರ. ಕಾರಹುಣ್ಣಿಮೆ ಹೊತ್ತಿಗೆ ವೀಸಾ ಬಂತು.

ಮಾರ್ಚ್ ಎರಡನೇ ವಾರವೇ ಯಾಕೆ? ಏಕೆಂದರೆ ನೀವು ಕೊಡುವ ಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟಿನ ಕೊನೆಯ ತಾರೀಖು ಅರ್ಜಿಯ ದಿನಕ್ಕಿಂತ 28 ದಿನಕ್ಕೂ ಹಿಂದಿನದು ಆಗಿರಬಾರದು. ಆರು ತಿಂಗಳು ತುಂಬಿರಬೇಕು, 28 ದಿನ ಮೀರಿರಬಾರದು. ಅದರ ನಡುವಿನ ದಿನಗಳೇ ಮುಹೂರ್ತ. ಇಷ್ಟು ಸರಳ ಸಂಗತಿಯನ್ನು ಎಷ್ಟು ಸಲ ಹೇಳಿದರೂ ಜನ "ಬೇಗ ಹಾಕಿಬಿಡೋಣ" ಅಂತ ಅವಸರ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರತಿ ಸ್ಲಿಪ್ಪಿನ ಹಣವೂ ಬ್ಯಾಂಕಿನಲ್ಲಿ ಜಮಾ ಆಗಿದ್ದು ಕಾಣಬೇಕು. ಕೆಲಸ ಕೊಟ್ಟವರಿಂದ ಪತ್ರ ಬೇಕು. ಅದರಲ್ಲಿ ಯಾವಾಗಿನಿಂದ ಕೆಲಸ, ವರ್ಷದ ಪಗಾರ ಎಷ್ಟು, ಆ ಪಗಾರ ಯಾವಾಗಿನಿಂದ, ಕೆಲಸ ಕಾಯಮ್ಮೋ ಅಲ್ಲವೋ ಎಲ್ಲ ಇರಬೇಕು. ಪಗಾರವೇ ಇಲ್ಲದೆ ಬರೀ ಉಳಿತಾಯ ತೋರಿಸುತ್ತೇವೆ ಅಂದರೆ 88,500 ಪೌಂಡ್ ಬೇಕು, ಹತ್ತಿರ ಹತ್ತಿರ ಒಂದು ಕೋಟಿ. ಅದೂ ಆರು ತಿಂಗಳಿಂದ ಗಂಡ ಹೆಂಡತಿಯ ಖಾತೆಯಲ್ಲೇ ಇರಬೇಕು. ಅರ್ಜಿಯ ಹಿಂದಿನ ವಾರ ಮಾವ ತಂದು ಹಾಕಿದ ಹಣ ನಡೆಯುವುದಿಲ್ಲ.

ಲಗ್ನಪತ್ರಿಕೆ, ಫೋಟೋ ಆಲ್ಬಮ್ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಲಗ್ನ ನೋಂದಣಿ ಮಾಡಿಸಿ. ಪ್ರಮಾಣಪತ್ರ ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಅನುವಾದಕರ ಸಹಿ ಇರುವ ಇಂಗ್ಲಿಷ್ ಅನುವಾದ ಇಡಿ. ಹೋಗುವವರಿಗೆ ಇಂಗ್ಲಿಷ್ ಮಾತಾಡುವ, ಕೇಳಿ ತಿಳಿಯುವ ಪರೀಕ್ಷೆ ಇದೆ, ಕಷ್ಟದ್ದಲ್ಲ. ಕ್ಷಯರೋಗದ ತಪಾಸಣೆಯನ್ನು ಅವರು ಒಪ್ಪಿದ ಕ್ಲಿನಿಕ್ಕಿನಲ್ಲೇ ಮಾಡಿಸಬೇಕು. ಅದರ ಸರ್ಟಿಫಿಕೇಟು ನಡೆಯುವುದು ಆರೇ ತಿಂಗಳು. ಅದನ್ನು ತೀರಾ ಮೊದಲೇ ಮಾಡಿಸಿಟ್ಟುಕೊಳ್ಳಬೇಡಿ.

ಮನೆಯಲ್ಲಿ ಇಂಥ ಲಗ್ನ ಗೊತ್ತಾಗಿದ್ದರೆ ಇವತ್ತು ರಾತ್ರಿಯೇ ಮಗಳಿಗೋ ಮಗನಿಗೋ ಫೋನು ಮಾಡಿ. ಈಗಿನ ಕೆಲಸಕ್ಕೆ ಸೇರಿದ ತಾರೀಖು ಕೇಳಿ, ಲಗ್ನದ ರಜೆಗೆ ಪಗಾರ ಬರುತ್ತದಾ ಇಲ್ಲವಾ ಕೇಳಿ. ಎರಡನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ. ನಮಸ್ಕಾರ.